ಬಂದರಿನ ಊರಿನ ವಾದ್ಯವೃಂದ: ಗೋಥೆನ್‌ಬರ್ಗ್ ಸಿಂಫನಿಯ ಹಿನ್ನೆಲೆ

ಸ್ವೀಡನ್ನಿನ ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್ ನಗರದ ಸಿಂಫನಿ ವಾದ್ಯವೃಂದಕ್ಕೆ 1997ರಲ್ಲಿ ‘ರಾಷ್ಟ್ರೀಯ ವಾದ್ಯವೃಂದ’ ಎಂಬ ಹೆಸರು ದೊರೆಯಿತು. ರಾಜಧಾನಿಯಲ್ಲದ ಊರಿನ, ಇಂದು ವೆಸ್ಟ್ರಾ ಯೋಟಲಾಂಡ್ ಪ್ರಾದೇಶಿಕ ಆಡಳಿತದ ಒಡೆತನದಲ್ಲಿರುವ ಸಂಸ್ಥೆಯೊಂದಕ್ಕೆ ಈ ಮಾನ ಸಂದದ್ದರ ಬೇರು ವಿಲ್ಹೆಲ್ಮ್ ಸ್ಟೆನ್‌ಹಮ್ಮಾರ್ ಎಂಬ ಸಂಯೋಜಕನ ಕಾಲದಲ್ಲಿದೆ.

ವೃಂದ ಹುಟ್ಟಿದ್ದು 1905ರಲ್ಲಿ. ಎರಡು ವರ್ಷಗಳ ನಂತರ ಅದರ ಪ್ರಧಾನ ನಿರ್ದೇಶಕನಾಗಿ, ಅಂದರೆ ಎದುರು ನಿಂತು ವಾದನವನ್ನು ನಡೆಸುವವನಾಗಿ ಬಂದ ಸ್ಟೆನ್‌ಹಮ್ಮಾರ್, ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್‌ನ ಎರಡನೆಯ ಸಿಂಫನಿಯನ್ನು (ವಾದ್ಯವೃಂದಕ್ಕಾಗಿ ರಚಿಸಿದ ದೀರ್ಘ ಕೃತಿ) ಕೇಳಿದ ಮೇಲೆ ತನ್ನ ಮೊದಲ ಸಿಂಫನಿ ಅದರ ಮುಂದೆ ನಿಲ್ಲದೆಂದು ಬಗೆದು ಅದನ್ನು ಹಿಂದಕ್ಕೆ ಪಡೆದಿದ್ದ. ಬೇರೆಯವರಾಗಿದ್ದರೆ ಹೊಟ್ಟೆಕಿಚ್ಚುಪಡುತ್ತಿದ್ದರೇನೋ, ಈತ ಅದೇ ಸಿಬೇಲಿಯಸ್‌ನ ಕೃತಿಗಳನ್ನು ತನ್ನ ಊರಿನ ಕೇಳುಗರಿಗೆ ಪಟ್ಟುಹಿಡಿದು ಕೇಳಿಸಿದ. ನಾಲ್ಕನೆಯ ಸಿಂಫನಿಯನ್ನು ನುಡಿಸಿದಾಗ ಸಭೆಯಿಂದ ಛೀಕಾರವೇ ಎದ್ದರೂ ಎದೆಗುಂದಲಿಲ್ಲ. ಸಿಬೇಲಿಯಸ್ ತನ್ನ ಆರನೆಯ ಸಿಂಫನಿಯನ್ನು ಇವನಿಗೇ ಅರ್ಪಿಸಿದ. ಸ್ಟೆನ್‌ಹಮ್ಮಾರ್ 1915ರಲ್ಲಿ ಹೊರತಂದ ತನ್ನ ಎರಡನೆಯ ಸಿಂಫನಿಯನ್ನು ಅರ್ಪಿಸಿದ್ದು ಯಾವ ದೊರೆಗೂ ಧನಿಕನಿಗೂ ಅಲ್ಲ, ದಿನವೂ ತನ್ನೆದುರು ಕುಳಿತು ನುಡಿಸುತ್ತಿದ್ದ ವಾದಕ ಮಿತ್ರರಿಗೆ. 1922ರವರೆಗಿನ ಅವನ ಅವಧಿಯ ಕೊನೆಯ ವರ್ಷಗಳಲ್ಲಿ ಡೆನ್ಮಾರ್ಕಿನ ಸಂಯೋಜಕ ಕಾರ್ಲ್ ನೀಲ್ಸನ್ ಕೂಡ ಅತಿಥಿ ನಿರ್ದೇಶಕನಾಗಿ ಇಲ್ಲಿ ದುಡಿದದ್ದರಿಂದ, ನಾರ್ಡಿಕ್ (ಉತ್ತರ ಯುರೋಪಿನ) ಸಂಗೀತವು ಈ ವೃಂದಕ್ಕೆ ಮನೆಮಾತಿನಷ್ಟು ಸಹಜವಾಯಿತು.

ಮರದಿಂದ ಕಟ್ಟಿದ್ದ ಹಳೆಯ ಸಭಾಂಗಣ 1928ರಲ್ಲಿ ಬೆಂಕಿಗೆ ಆಹುತಿಯಾಯಿತು. 1935ರಲ್ಲಿ ಯೋಟಪ್ಲಾಟ್ಸೆನ್ ಚೌಕದಲ್ಲಿ ತೆರೆದ ಹೊಸ ಭವನವನ್ನು ರೂಪಿಸಿದವನು ನಿಲ್ಸ್ ಐನಾರ್ ಎರಿಕ್ಸನ್. ಅದರ ಒಳಗೋಡೆಗಳಿಗೂ ಮರದ ಹಲಗೆಗಳನ್ನೇ ಹೊದಿಸಲಾಯಿತು. ಸುಟ್ಟ ಮೇಲೂ ಮರದ ಮೇಲಿನ ನಂಬಿಕೆ ಹೋಗಲಿಲ್ಲ ಎನ್ನಬೇಕು. ಆ ಭವನದ ನಾದಗುಣಕ್ಕೆ ಇಂದಿಗೂ ಒಳ್ಳೆಯ ಹೆಸರಿದೆ.

ಹೊರಜಗತ್ತಿನ ಕೀರ್ತಿ ಬಂದದ್ದು 1982ರಲ್ಲಿ ಎಸ್ಟೋನಿಯಾ ಮೂಲದ ನೇಮೆ ಯಾರ್ವಿ ಪ್ರಧಾನ ನಿರ್ದೇಶಕನಾದ ಬಳಿಕ. 2004ರವರೆಗೆ, ಅಂದರೆ 22 ವರ್ಷ ಇಲ್ಲೇ ನಿಂತ ಅವನ ಧ್ವನಿಮುದ್ರಣಗಳು ಗೋಥೆನ್‌ಬರ್ಗಿನ ನಾದವನ್ನು ದೂರದೂರದ ಮನೆಗಳಿಗೆ ಮುಟ್ಟಿಸಿದವು. ಮುಂದೆ 2007ರಿಂದ 2012ರವರೆಗೆ ವೆನೆಜುವೆಲಾದ ಗುಸ್ತಾವೊ ದುದಾಮೆಲ್, 2017ರಿಂದ 2025ರವರೆಗೆ ಫಿನ್ಲೆಂಡಿನ ಸಾಂಟು-ಮಟಿಯಾಸ್ ರೌವಾಲಿ ಆ ಪೀಠಕ್ಕೆ ಬಂದರು. ಆದರೂ ಯಾರ್ವಿಯ ಮುದ್ರಣಗಳಲ್ಲಿ ನನಗೆ ಮುಖ್ಯವೆನಿಸುವುದು, ಸಿಬೇಲಿಯಸ್‌ನ ಸಿಂಫನಿಗಳ ಸರಣಿಗಿಂತಲೂ ಮಿಗಿಲಾಗಿ, ಬೇರೊಂದು ಕೃತಿ: ಸ್ಟೆನ್‌ಹಮ್ಮಾರ್ ಸಾಲದೆಂದು ಬದಿಗಿಟ್ಟಿದ್ದ ಅದೇ ಮೊದಲ ಸಿಂಫನಿ, ಅವನದೇ ವೃಂದದ ಕೈಯಲ್ಲಿ.