ಕಾಣೆಯಾದ ಕಿಟಕಿ ಎಲ್ಲಿ ಕೂತಿರುತ್ತದೆ?

ಮಾರ್ಚ್ ಕೊನೆಯ ವಾರ, ಲೆಕ್ಕ ಮುಗಿಸುವ ಗಡಿಬಿಡಿ. ಗದಗ ಕಡೆಯ ಒಂದು ಸಹಕಾರ ಸಂಘದಿಂದ ಫೋನು. "ಸರ್ರ, ನಿಮ್ಮ ಸಾಫ್ಟ್‌ವೇರ್ ಓಪನ್ ಆಗವಲ್ತು ನೋಡ್ರಿ. ಕೆಳಗ ಪಟ್ಟಿಯೊಳಗ ಕಾಣಸ್ತದ, ಒತ್ತಿದ್ರ ಏನೂ ಬರಂಗಿಲ್ಲ." ಮೂರು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದರು. ಸಾಫ್ಟ್‌ವೇರ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿಯೂ ನೋಡಿದ್ದರು. ನಾನು ಕೇಳಿದ್ದು ಒಂದೇ: "ಮೇಡಂ, ಮೊದಲು ಎರಡು ಮಾನಿಟರ್ ಇದ್ದವಲ್ಲ, ಈಗಲೂ ಇವೆಯಾ?"

"ಇಲ್ರಿ, ಎಡಗಡೆದ್ದನ್ನ ಮ್ಯಾನೇಜರ್ ಸಾಹೇಬ್ರು ತಮ್ಮ ಟೇಬಲ್ಲಿಗೆ ಒಯ್ದಾರ್ರಿ."

ಕಿಟಕಿ, ಅಂದರೆ ಸಾಫ್ಟ್‌ವೇರ್ ಪರದೆಯ ಮೇಲೆ ತೆರೆದುಕೊಳ್ಳುವ ಚೌಕಟ್ಟು, ತೆರೆದೇ ಇತ್ತು. ಆದರೆ ಸಾಹೇಬರು ಹೊತ್ತೊಯ್ದ ಮಾನಿಟರ್ ಇದ್ದ ಜಾಗದಲ್ಲಿ ತೆರೆದಿತ್ತು.

ವಿಂಡೋಸ್‌ನ ಲೆಕ್ಕ ಹೀಗಿದೆ. ಮುಖ್ಯ ಮಾನಿಟರ್‌ನ ಎಡ ಮೇಲ್ತುದಿ 0, 0. ಅಲ್ಲಿಂದ ಬಲಕ್ಕೂ ಕೆಳಕ್ಕೂ ಹೋದಂತೆ ಅಂಕಿ ಏರುತ್ತದೆ. ಎಡಗಡೆ 1920 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲದ ಇನ್ನೊಂದು ಮಾನಿಟರ್ ಇಟ್ಟರೆ ಅದರ ಅಂಕಿಗಳು -1920ರಿಂದ ಶುರು. ಮಾನಿಟರ್ ಕಳಚಿದಾಗ ಆಗ ತೆರೆದಿರುವ ಕಿಟಕಿಗಳನ್ನು ವಿಂಡೋಸ್ ಸಾಮಾನ್ಯವಾಗಿ ಉಳಿದ ಪರದೆಗೆ ಎಳೆದು ತರುತ್ತದೆ. ತೊಂದರೆ ಕೊಡುವುದು ಮುಚ್ಚಿದ್ದ ಸಾಫ್ಟ್‌ವೇರ್. ಅದು ನಿನ್ನೆ ಬರೆದಿಟ್ಟುಕೊಂಡ -1500 ಎಂಬ ಅಂಕಿಯನ್ನು ಓದಿ, ನೇರ ಅಲ್ಲಿಗೇ ಹೋಗಿ ಕೂರುತ್ತದೆ. ಇನ್‌ಸ್ಟಾಲ್ ಮತ್ತೆ ಮಾಡಿದರೂ ಸರಿಹೋಗಲಿಲ್ಲ ಏಕೆಂದರೆ ನಾವು ಆ ಅಂಕಿಯನ್ನು ಇಡುವುದು ಬಳಕೆದಾರರ ಸೆಟ್ಟಿಂಗ್ ಫೈಲಿನಲ್ಲಿ. ಸಾಫ್ಟ್‌ವೇರ್ ತೆಗೆದರೂ ಅದು ಹೋಗುವುದಿಲ್ಲ.

ವಾಪಸ್ ಕರೆಸಲು ಫೋನಿನಲ್ಲೇ ಹೇಳಿದೆ. ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರ್‌ನಲ್ಲಿ, ಒತ್ತಿ ಅದನ್ನು ಮುಂದಕ್ಕೆ ತನ್ನಿ. ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಆಮೇಲೆ ಎಂ. ಈಗ ಯಾವುದಾದರೂ ಬಾಣದ ಕೀ ಒಂದೇ ಸಲ. ಇನ್ನು ಮೌಸ್ ಅಲ್ಲಾಡಿಸಿ. "ಬಂತ್ರೀ! ಮೌಸಿಗೆ ಅಂಟ್ಕೊಂಡು ಬಂತು!" ಆ ಬಾಣದ ಒಂದು ಒತ್ತನ್ನೇ ಎಲ್ಲರೂ ಬಿಡುವುದು. ಅದಿಲ್ಲದಿದ್ದರೆ ಕಿಟಕಿ ಮೌಸಿಗೆ ಸಿಗುವುದಿಲ್ಲ. ಕಿಟಕಿ ಮ್ಯಾಕ್ಸಿಮೈಸ್ ಆಗಿದ್ದರೆ, ಅಂದರೆ ಪರದೆ ತುಂಬ ಹರಡಿದ್ದರೆ, ಎಂ ಕೆಲಸ ಮಾಡದು. ಮೊದಲು ಆಲ್ಟ್, ಸ್ಪೇಸ್, ಆರ್ ಒತ್ತಿ ಅದನ್ನು ಸಡಿಲಿಸಬೇಕು.

ಫೋನಿಟ್ಟ ಮೇಲೆ ನಮ್ಮದೇ ಕೋಡ್ ತೆರೆದು ನೋಡಿ ನಾಚಿಕೆಯಾಯಿತು. ಮುಚ್ಚುವಾಗ ಕಿಟಕಿ ಎಲ್ಲಿದೆಯೋ ಆ ಅಂಕಿಗಳನ್ನು ಹಾಗೇ ಬರೆದಿಡುತ್ತಿದ್ದೆವು, ತೆರೆಯುವಾಗ ಪರದೆ ಅಲ್ಲಿದೆಯೇ ಎಂದು ಕೇಳುತ್ತಲೇ ಇರಲಿಲ್ಲ. ಇನ್ನೂ ಒಂದು ಇತ್ತು. ಮಿನಿಮೈಸ್ ಮಾಡಿದ, ಅಂದರೆ ಟಾಸ್ಕ್‌ಬಾರಿಗೆ ಇಳಿಸಿದ ಕಿಟಕಿಯನ್ನು ವಿಂಡೋಸ್ -32000, -32000 ಎಂಬ ದೂರದ ಮೂಲೆಗೆ ತಳ್ಳಿ ಇಡುತ್ತದೆ. ಮಿನಿಮೈಸ್ ಆಗಿದ್ದಾಗಲೇ ಯಾರಾದರೂ ಸಾಫ್ಟ್‌ವೇರ್ ಮುಚ್ಚಿದರೆ ನಾವು ಆ ಮೂಲೆಯನ್ನೇ 'ಕಳೆದ ಸಲದ ಜಾಗ' ಎಂದು ನೆನಪಿಟ್ಟುಕೊಳ್ಳುತ್ತಿದ್ದೆವು. ಒಂದೇ ಮಾನಿಟರ್ ಇದ್ದವರಿಂದಲೂ ಆಗಾಗ ಇದೇ ದೂರು ಬರುತ್ತಿದ್ದುದು ಏಕೆಂದು ಆಗ ತಿಳಿಯಿತು. ಅವರಿಗೆಲ್ಲ ನಾವು ವೈರಸ್ ನೋಡಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದೆವು!

ಈ ಕೆಲಸಕ್ಕೆಂದೇ ವಿಂಡೋಸ್‌ನಲ್ಲಿ ಗೆಟ್‌ವಿಂಡೋಪ್ಲೇಸ್‌ಮೆಂಟ್, ಸೆಟ್‌ವಿಂಡೋಪ್ಲೇಸ್‌ಮೆಂಟ್ ಎಂಬ, ಕೋಡ್‌ನಲ್ಲಿ ಬಳಸುವ ಆಜ್ಞೆಗಳ ಜೋಡಿ ಇದೆ. ಮಿನಿಮೈಸ್ ಆಗಿದ್ದರೂ ಕಿಟಕಿಯ ಸಹಜ ಜಾಗವನ್ನೇ ಮೊದಲನೆಯದು ಕೊಡುತ್ತದೆ. ಜಾಗ ಪೂರ್ತಿ ಪರದೆಯಾಚೆ ಇದ್ದರೆ ಎರಡನೆಯದು ತಾನೇ ಒಳಕ್ಕೆ ಸರಿಸುತ್ತದೆ. ಆದರೆ ಜೋಡಿಯನ್ನು ಒಡೆಯಬಾರದು. ಮೊದಲನೆಯದು ಕೊಡುವ ಅಂಕಿ ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗದಿಂದ ಅಳೆದದ್ದು. ಅದನ್ನು ಒಯ್ದು ಕಿಟಕಿ ಸರಿಸುವ ಇನ್ನೊಂದು ಆಜ್ಞೆಯಾದ ಸೆಟ್‌ವಿಂಡೋಪೋಸ್‌ಗೆ ಕೊಟ್ಟರೆ ಅದು ಇಡೀ ಪರದೆಯಿಂದ ಅಳೆಯುತ್ತದೆ. ಟಾಸ್ಕ್‌ಬಾರ್ ಮೇಲ್ಗಡೆ ಇಟ್ಟುಕೊಂಡವರ ಕಿಟಕಿ ತೆರೆದಾಗಲೆಲ್ಲ ಒಂದು ಟಾಸ್ಕ್‌ಬಾರಿನಷ್ಟು ಮೇಲಕ್ಕೆ ತೆವಳುತ್ತ ಹೋಗುತ್ತದೆ. ಇದನ್ನು ನಾನು ಎರಡು ವಾರ ಹುಡುಕಿದ್ದೇನೆ.

ಜಾಗಕ್ಕಿಂತ ಅಳತೆಯ ತಲೆನೋವು ದೊಡ್ಡದು. ನಮ್ಮ ಹುಡುಗರು ಫಾರಂ ವಿನ್ಯಾಸ ಮಾಡುವುದು 1920x1080 ಪರದೆಯ ಮೇಲೆ. ಗ್ರಾಹಕರ ಹಳೆಯ ಲ್ಯಾಪ್‌ಟಾಪ್ 1366x768. ಅಕ್ಷರ ಸಣ್ಣದಾಯಿತೆಂದು ಅವರು ಸ್ಕೇಲಿಂಗ್ (ಪರದೆಯ ಮೇಲಿನದನ್ನೆಲ್ಲ ದೊಡ್ಡದಾಗಿಸುವ ಸೆಟ್ಟಿಂಗ್) 125 ಶೇಕಡಕ್ಕೆ ಏರಿಸಿರುತ್ತಾರೆ. 768ನ್ನು 1.25ರಿಂದ ಭಾಗಿಸಿ: ಎತ್ತರಕ್ಕೆ ಉಳಿದದ್ದು ಸುಮಾರು 614, ಅದರಲ್ಲಿ ಟಾಸ್ಕ್‌ಬಾರ್ ಬೇರೆ. ನಮ್ಮ ಸಾಲದ ಅರ್ಜಿಯ ಫಾರಂ 700 ಎತ್ತರ, ಅದೂ ಎಳೆಯಲಾಗದ ಗಟ್ಟಿ ಅಂಚಿನದು. 'ಉಳಿಸಿ' ಗುಂಡಿ ಟಾಸ್ಕ್‌ಬಾರಿನ ಕೆಳಗೆ ಹೂತುಹೋಗಿತ್ತು. ಒಬ್ಬರು ಟ್ಯಾಬ್ ಕೀ ಎಣಿಸಿ ಒತ್ತಿ, ಕಾಣದ ಗುಂಡಿಗೆ ಎಂಟರ್ ಹೊಡೆದು ತಿಂಗಳುಗಟ್ಟಲೆ ಕೆಲಸ ಮಾಡಿದ್ದರು, ದೂರು ಹೇಳಿರಲಿಲ್ಲ.

ಕನ್ನಡದ ಫಾರಂಗೆ ಇನ್ನೊಂದು ಕಾಟ. ಇಂಗ್ಲಿಷ್ ಲೇಬಲ್‌ಗೆ ಸಾಕಾಗುವ ಎತ್ತರದ ಪೆಟ್ಟಿಗೆಯಲ್ಲಿ 'ರಾಷ್ಟ್ರೀಕೃತ' ಎಂದು ಬರೆದರೆ ಕೆಳಗಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಷ ಕೆಳಗೆ ಟ, ಅದರ ಕೆಳಗೆ ರ. ಲೇಬಲ್‌ಗೆ ಪಿಕ್ಸೆಲ್ ಲೆಕ್ಕದಲ್ಲಿ ಎತ್ತರ ಕಟ್ಟುವುದನ್ನೇ ನಾವು ನಿಲ್ಲಿಸಿದೆವು. ಅಕ್ಷರ ಕೇಳಿದಷ್ಟು ಜಾಗ ಅದೇ ತೆಗೆದುಕೊಳ್ಳಲಿ, ಪಟ್ಟಿ ಕಿಟಕಿಯ ಜೊತೆ ಹಿಗ್ಗಲಿ, 'ಉಳಿಸಿ', 'ರದ್ದುಮಾಡಿ' ಎರಡೂ ಕೆಳ ಅಂಚಿಗೆ ಅಂಟಿಕೊಂಡಿರಲಿ, ಜಾಗ ಸಾಲದಿದ್ದರೆ ನಡುವಿನ ಭಾಗ ಸ್ಕ್ರೋಲ್ ಆಗಲಿ.

1985ರ ವಿಂಡೋಸ್ 1.0ರಲ್ಲಿ ಕಿಟಕಿಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲ, ಹೆಂಚು ಜೋಡಿಸಿದಂತೆ ಪಕ್ಕಪಕ್ಕ ಕೂರುತ್ತಿದ್ದವು. 1987ರ 2.0 ಅವನ್ನು ಮನಬಂದಂತೆ ಹರಡಲು ಬಿಟ್ಟಿತು. 2009ರ ವಿಂಡೋಸ್ 7ರಲ್ಲಿ ಅಂಚಿಗೆ ಎಳೆದರೆ ಅರ್ಧ ಪರದೆಗೆ ಅಂಟುವ ಸ್ನ್ಯಾಪ್ ಬಂತು. ಹರಡಿದ್ದನ್ನು ಮತ್ತೆ ಜೋಡಿಸಲು ಇಷ್ಟು ವರ್ಷ! ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಜೋಡಣೆಯ ನಕ್ಷೆಗಳೇ ಬರುತ್ತವೆ. ದೊಡ್ಡ ಪರದೆಯವರು ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಹೆಚ್ಚುವರಿ ಸಾಫ್ಟ್‌ವೇರ್ ಹಾಕಿಕೊಂಡು ಅದರ ಫ್ಯಾನ್ಸಿಝೋನ್ಸ್‌ನಲ್ಲಿ ತಮ್ಮದೇ ಚೌಕಗಳನ್ನು ಗೀಚಿಕೊಳ್ಳಬಹುದು. ಶಿಫ್ಟ್ ಹಿಡಿದು ಎಳೆದರೆ ಕಿಟಕಿ ಚೌಕದಲ್ಲಿ ಕೂರುತ್ತದೆ.

ಗದಗದ ಮೇಡಂಗೆ ಬೇಕಿದ್ದದ್ದೂ ಇಷ್ಟೇ: ಎಡಕ್ಕೆ ಲೆಡ್ಜರ್, ಬಲಕ್ಕೆ ಬ್ಯಾಂಕಿನ ಸ್ಟೇಟ್‌ಮೆಂಟು. ವಿಂಡೋಸ್ ಕೀ ಮತ್ತು ಎಡ ಬಾಣ ಒತ್ತಿ ಎಂದೆ. ಒತ್ತಿದರು. ನಮ್ಮ ಕಿಟಕಿ ಅರ್ಧಕ್ಕೆ ನಿಲ್ಲದೆ ಸ್ಟೇಟ್‌ಮೆಂಟಿನ ಮೇಲೂ ಚಾಚಿಕೊಂಡಿತು. 1366ರ ಅರ್ಧ 683, ನಾವು ಕಟ್ಟಿದ್ದ ಕನಿಷ್ಠ ಅಗಲ 900. ಅದಕ್ಕಿಂತ ಕುಗ್ಗಲು ನಾವೇ ಬಿಟ್ಟಿರಲಿಲ್ಲ. ಈಗ ಅದನ್ನು 640ಕ್ಕೆ ಇಳಿಸಿದ್ದೇವೆ. ಕೊನೆಯ ಎರಡು ಕಾಲಂ ನೋಡಲು ಪಕ್ಕಕ್ಕೆ ಸರಿಸಬೇಕು, ಅದಕ್ಕೆ ಅವರದೇನೂ ತಕರಾರಿಲ್ಲ.