ಹೊಂಡದ ನೀರಿಗೆ ವಿಟಮಿನ್ ಸುರಿದರೆ ಮೀನುಮರಿ ಉಳಿಯುತ್ತವೆಯೇ?

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮದು ಪಾಲಿಥೀನ್ ಹಾಸಿದ ಕೃಷಿ ಹೊಂಡ. ಬಿಟ್ಟ ಕಾಟ್ಲಾ, ರೋಹು ಮರಿಗಳಲ್ಲಿ ಬಹಳಷ್ಟು ಮೊದಲ ಮೂರು ದಿನದಲ್ಲೇ ಸತ್ತವು. ಉಳಿದವುಗಳಲ್ಲಿ ಕೆಲವಕ್ಕೆ ಈಗ ಬೆನ್ನು ಡೊಂಕಾಗಿದೆ. ನೀರಿಗೆ ವಿಟಮಿನ್ ಟಾನಿಕ್ ಎಷ್ಟು ಹಾಕಬೇಕು?

ಉತ್ತರ: ಒಂದು ಹನಿಯೂ ಬೇಡ. ಮರಿ ಬಿಡುವ ಹಂಗಾಮು ಬಂದಾಗಲೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಇದೇ ಪ್ರಶ್ನೆ ಬರುತ್ತದೆ. ಇದೇ ಉತ್ತರವನ್ನು ಕೊಟ್ಟೂ ಕೊಟ್ಟೂ ಸಾಕಾಗಿರುವುದರಿಂದ ಈ ಸಲ ಕಾರಣವನ್ನೂ ಬರೆಯುತ್ತೇನೆ.

ಸಿಹಿನೀರಿನ ಮೀನು ನೀರನ್ನು ಕುಡಿಯುವುದು ತೀರಾ ಕಡಿಮೆ. ಅದರ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪಾಗಿರುವುದರಿಂದ ಕಿವಿರುಗಳ ಮೂಲಕ ನೀರು ತಾನಾಗಿಯೇ ಒಳನುಗ್ಗುತ್ತಿರುತ್ತದೆ, ಮೀನು ಅದನ್ನು ಎಡೆಬಿಡದೆ ಮೂತ್ರವಾಗಿ ಹೊರಹಾಕುತ್ತಿರುತ್ತದೆ. ಕುಡಿಯುವುದೇನಿದ್ದರೂ ಸಮುದ್ರದ ಮೀನು. ಇನ್ನು ಲಕ್ಷಾಂತರ ಲೀಟರ್ ನೀರಿನಲ್ಲಿ ಕರಗಿದ ಒಂದು ಬಾಟಲಿ ಟಾನಿಕ್‌ನ ಸಾಂದ್ರತೆ ಎಷ್ಟಿದ್ದೀತೆಂದು ನೀವೇ ಲೆಕ್ಕ ಹಾಕಿ. ಅದರಲ್ಲಿರುವ ವಿಟಮಿನ್ ಸಿ ಗಾಳಿ, ಬೆಳಕು ಮತ್ತು ನಮ್ಮ ಕೊಳವೆಬಾವಿಗಳ ಕ್ಷಾರೀಯ ನೀರಿನಲ್ಲಿ ಬೇಗನೆ ಹಾಳಾಗುತ್ತದೆ. ಉಳಿಯುವುದು ಟಾನಿಕ್‌ನ ಸಕ್ಕರೆ ಮಾತ್ರ. ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಬೆಳಗಿನ ಜಾವ ಮರಿಗಳು ಬಾಯಿ ತೆರೆದು ಮೇಲೆ ಬಂದರೆ ‘ಡೋಸ್ ಸಾಲಲಿಲ್ಲ’ ಎಂದು ಇನ್ನೊಂದು ಬಾಟಲಿ ತರುವವರೂ ಇದ್ದಾರೆ.

ಅಮೆರಿಕದಲ್ಲಿ ಸಾಲ್ಮನ್ ಮರಿಗಳನ್ನು ವಿಟಮಿನ್ ನೀರಿನಲ್ಲೇ ಬದುಕಿಸುತ್ತಾರಲ್ಲ ಎಂದು ವಾದಿಸುವವರಿಗೂ ಉತ್ತರವಿದೆ. ಅಲ್ಲಿನ ಮಹಾಸರೋವರಗಳಲ್ಲಿ ಸಾಲ್ಮನ್, ಟ್ರೌಟ್‌ಗಳು ತಿನ್ನುವ ಏಲ್‌ವೈಫ್ ಎಂಬ ಮೀನಿನಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1 ಅನ್ನು ನಾಶಮಾಡುವ ಥಯಾಮಿನೇಸ್ ಎಂಬ ಕಿಣ್ವವಿದೆ. ಹೀಗಾಗಿ ತಾಯಿಯ ಮೊಟ್ಟೆಯಲ್ಲೇ ಕೊರತೆ ಉಂಟಾಗಿ, ಮರಿಗಳು ಆಹಾರ ತಿನ್ನಲು ಕಲಿಯುವ ಹೊತ್ತಿಗೆ ಸಾಯುತ್ತವೆ. ಮರಿ ಉತ್ಪಾದನಾ ಕೇಂದ್ರದಲ್ಲಿ ಮೊಟ್ಟೆ ಅಥವಾ ಮರಿಗಳನ್ನು ಥಯಾಮಿನ್ನಿನ ಗಾಢ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅವು ಚೇತರಿಸಿಕೊಳ್ಳುವುದು ನಿಜ. ಆದರೆ ಅದು ಬೇರೆ ವಿಟಮಿನ್, ಬೇರೆ ರೋಗ, ತೊಟ್ಟಿಯಷ್ಟು ನೀರು. ನಿಮ್ಮ ಹೊಂಡಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತಿವೆ. ಮೂರೇ ದಿನದಲ್ಲಿ ಸತ್ತ ಮರಿಗಳಿಗೆ ಹೊಂಡದಲ್ಲಿ ವಿಟಮಿನ್ ಕೊರತೆಯಾಗಲು ಸಮಯವೇ ಸಿಕ್ಕಿಲ್ಲ. ಮರಿಗಳನ್ನು ತಂದ ಆಮ್ಲಜನಕ ತುಂಬಿದ ಚೀಲವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಬಿಟ್ಟು ತಾಪಮಾನವನ್ನು ಹೊಂದಿಸದೆ ನೇರವಾಗಿ ಸುರಿದಿರಬೇಕು, ಇಲ್ಲವೇ ನೀರುಹುಳುಗಳು ಹಿಡಿದು ತಿಂದಿರಬೇಕು.

ಡೊಂಕು ಬೆನ್ನಿನ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನ ಸರಿಯಿರಬಹುದು. ಕಾಟ್ಲಾ, ರೋಹುಗಳಂಥ ನಮ್ಮ ಗೆಂಡೆ ಜಾತಿಯ ಮೀನುಗಳು ಮನುಷ್ಯರಂತೆಯೇ ವಿಟಮಿನ್ ಸಿ ಅನ್ನು ತಾವಾಗಿ ತಯಾರಿಸಿಕೊಳ್ಳಲಾರವು. ಅದಿಲ್ಲದೆ ಮೂಳೆಗೆ ಆಧಾರವಾದ ಕೊಲಾಜೆನ್ ಗಟ್ಟಿಯಾಗುವುದಿಲ್ಲ. ಮಣ್ಣಿನ ಕೆರೆಯಲ್ಲಿ ಸೂಕ್ಷ್ಮಜೀವಿಗಳನ್ನು ತಿಂದು ಮರಿಗಳು ಅದನ್ನು ಪಡೆಯುತ್ತವೆ. ಪಾಲಿಥೀನ್ ಹೊಂಡದ ತಿಳಿನೀರಿನಲ್ಲಿ ಅವು ವಿರಳ. ನೀವು ಹಾಕುವ ಶೇಂಗಾ ಹಿಂಡಿ, ಅಕ್ಕಿ ತೌಡುಗಳಲ್ಲಿ ವಿಟಮಿನ್ ಸಿ ಇಲ್ಲವೆಂದೇ ಹೇಳಬೇಕು. ತಳಕ್ಕೆ ಒಂದು ಪದರ ಕೆರೆ ಗೋಡು ಹರಡಿ, ಮರಿ ಬಿಡುವ ಮೊದಲೇ ಹದವಾಗಿ ಸಗಣಿ ಬಗ್ಗಡ ಹಾಕಿ ನೀರನ್ನು ಹಸಿರಾಗಿಸಿಕೊಳ್ಳಿ. ಮೇವಿಗೆ ವಿಟಮಿನ್ ಮಿಶ್ರಣ ಸೇರಿಸುವುದಾದರೆ ವಿಟಮಿನ್ ಸಿ ಆಸ್ಕಾರ್ಬಿಲ್ ಫಾಸ್ಫೇಟ್ ರೂಪದಲ್ಲಿದೆಯೇ ಎಂದು ಚೀಟಿ ನೋಡಿ ಕೊಳ್ಳಿ. ಬರೀ ಆಸ್ಕಾರ್ಬಿಕ್ ಆಮ್ಲ, ಅಂದರೆ ಮಾಮೂಲಿ ವಿಟಮಿನ್ ಸಿ, ಮೇವಿನ ಚೀಲದಲ್ಲೇ ಹಾಳಾಗುತ್ತದೆ. ಒಮ್ಮೆ ಡೊಂಕಾದ ಬೆನ್ನು ನೆಟ್ಟಗಾಗುವುದಿಲ್ಲ. ಪಕ್ಕದ ಈರುಳ್ಳಿ ಹೊಲಕ್ಕೆ ಹೊಡೆದ ಕೀಟನಾಶಕ ಹರಿದುಬಂದರೂ ಬೆನ್ನು ಡೊಂಕಾಗಬಹುದಾದ್ದರಿಂದ ಹೊಂಡದ ಬದುವನ್ನೂ ನೋಡಿಕೊಳ್ಳಿ.

ಥಯಾಮಿನೇಸ್ ಹೆಸರು ಬಂದದ್ದರಿಂದ, ಯಾರೂ ಕೇಳದಿದ್ದರೂ, ಬೇರೆ ಮೀನುಗಳನ್ನು ತಿಂದು ಬೆಳೆಯುವ ಕೊರವ ಮೀನು ಸಾಕುವವರಿಗೆ ಒಂದು ಮಾತು. ಗೆಂಡೆ ಜಾತಿಯ ಹಲವು ಮೀನುಗಳ ಹಸಿ ಮಾಂಸದಲ್ಲೂ ಈ ಕಿಣ್ವವಿರುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಅಂಥ ಸಣ್ಣ ಮೀನುಗಳನ್ನು ದಿನವೂ ಹಸಿಯಾಗಿಯೇ ಕೊಚ್ಚಿ ಹಾಕುತ್ತಿದ್ದರೆ ಬಿ1 ಕೊರತೆಯನ್ನು ನಾವೇ ಕರೆದಂತಾಗುತ್ತದೆ. ಬಿಸಿಗೆ ಈ ಕಿಣ್ವ ನಾಶವಾಗುತ್ತದೆ. ಚೆನ್ನಾಗಿ ಬೇಯಿಸಿ, ಆರಿಸಿ, ತೌಡಿನೊಂದಿಗೆ ಕಲಸಿ ಹಾಕಿ.