ಚಾಮುಂಡೇಶ್ವರಿ: ಒಂದೇ ಹೆಸರು, ಎರಡು ಕ್ಷೇತ್ರ

2018ರ ಮೇ ತಿಂಗಳಲ್ಲಿ ಮೈಸೂರಿನ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಫಲಿತಾಂಶ ಬಂದಾಗ ಬಹುತೇಕ ಸುದ್ದಿಗಳ ಧಾಟಿ ಒಂದೇ ಆಗಿತ್ತು: ಮುಖ್ಯಮಂತ್ರಿಯನ್ನು ಅವರದೇ ಹಳೆಯ ಕ್ಷೇತ್ರ ತಿರಸ್ಕರಿಸಿತು. ಜೆಡಿಎಸ್‌ನ ಜಿ.ಟಿ. ದೇವೇಗೌಡರಿಗೆ 1,21,325 ಮತ, ಆಗಿನ ಮುಖ್ಯಮಂತ್ರಿ, ಕಾಂಗ್ರೆಸ್‌ನ ಸಿದ್ದರಾಮಯ್ಯನವರಿಗೆ 85,283. ಅಂತರ 36,042. ಅಂಕಿ ಸರಿ, ಸೋಲೂ ನಿಜ. ಆದರೆ ‘ಹಳೆಯ ಕ್ಷೇತ್ರ’ ಎಂಬ ಮಾತನ್ನು ಒಪ್ಪುವ ಮೊದಲು ನಕ್ಷೆ ನೋಡಬೇಕಿತ್ತು. ಸಿದ್ದರಾಮಯ್ಯ 1983ರಿಂದ 2006ರವರೆಗೆ ಏಳು ಬಾರಿ ಸ್ಪರ್ಧಿಸಿ ಐದು ಬಾರಿ ಗೆದ್ದ ಚಾಮುಂಡೇಶ್ವರಿ 2008ಕ್ಕೇ ಇಲ್ಲವಾಗಿತ್ತು. ಉಳಿದದ್ದು ಆ ಹೆಸರು, ಆ ನೆಲದ ಒಂದು ಪಾಲು.

ಒಂದು ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ ಬರೆಯಲು ಕೂತವರು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಿಂದ ಶುರುಮಾಡುತ್ತಾರೆ. ಅದು ಕೊನೆಯ ಕೆಲಸ. ಮೊದಲ ಕೆಲಸ ಗಡಿ. ಕರ್ನಾಟಕದ ವಿಧಾನಸಭೆಯಲ್ಲಿ 1957 ಮತ್ತು 1962ರಲ್ಲಿ 208 ಸ್ಥಾನಗಳಿದ್ದವು, 1967 ಮತ್ತು 1972ರಲ್ಲಿ 216, 1978ರಿಂದ 224. ಸಂಖ್ಯೆ ಬದಲಾದಾಗೆಲ್ಲ ಗಡಿಯೂ ಬದಲಾಗಿದೆ. 2008ರಲ್ಲಿ ಮಾತ್ರ 224 ಹಾಗೆಯೇ ಉಳಿದು ಒಳಗಿನದೆಲ್ಲ ಕದಡಿಹೋಯಿತು. ಹಲವರು ಎಡವುವುದು ಇಲ್ಲೇ: ಒಟ್ಟು ಸಂಖ್ಯೆ ಬದಲಾಗಿಲ್ಲ, ಆದ್ದರಿಂದ ಕ್ಷೇತ್ರಗಳೂ ಅವೇ ಎಂದುಕೊಳ್ಳುತ್ತಾರೆ. 2001ರ ಜನಗಣತಿ ಆಧರಿಸಿದ ಪುನರ್ವಿಂಗಡಣೆಯ ಪ್ರಕಾರ ದೇಶದಲ್ಲೇ ಮೊದಲು ಚುನಾವಣೆಗೆ ಹೋದ ರಾಜ್ಯ ನಮ್ಮದು, 2008ರ ಮೇ ತಿಂಗಳಲ್ಲಿ. ಆ ನಕ್ಷೆಯಲ್ಲಿ ಚಾಮುಂಡೇಶ್ವರಿ 215ನೇ ಸಂಖ್ಯೆಯ ಕ್ಷೇತ್ರ. ವರುಣಾ ಎಂಬ ಹೊಸ ಕ್ಷೇತ್ರ 219.

ಮೈಸೂರು ತಾಲೂಕನ್ನು ಹೋಬಳಿಗಳ ಲೆಕ್ಕದಲ್ಲಿ ಕಣ್ಮುಂದೆ ತಂದುಕೊಳ್ಳಿ: ಕಸಬಾ, ಇಲವಾಲ, ಜಯಪುರ, ವರುಣಾ. ಇಲವಾಲ, ಜಯಪುರದ ಕಡೆ ಹೊಸ ಚಾಮುಂಡೇಶ್ವರಿಗೆ ಉಳಿಯಿತು, ಜೊತೆಗೆ ಹೂಟಗಳ್ಳಿಯಂಥ ನಗರದ ಅಂಚು. ವರುಣಾ ಹೋಬಳಿಯ ಕಡೆ ಕಿತ್ತುಕೊಂಡು ಹೋಗಿ ನಂಜನಗೂಡು, ತಿ. ನರಸೀಪುರ ತಾಲೂಕುಗಳ ಭಾಗಗಳೊಂದಿಗೆ ಸೇರಿ ಹೊಸ ಕ್ಷೇತ್ರವಾಯಿತು. ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ಇರುವುದು ಈ ವರುಣಾದಲ್ಲಿ. ಅಂದರೆ 2008ರಲ್ಲಿ ಅವರು ವರುಣಾಕ್ಕೆ ಹೋದದ್ದನ್ನು ‘ಕ್ಷೇತ್ರ ಬದಲಿಸಿದರು’ ಎನ್ನುವುದಕ್ಕಿಂತ ತಮ್ಮ ನೆಲದ ಹಿಂದೆ ಹೋದರು ಎನ್ನುವುದೇ ಸರಿ. 2018ರಲ್ಲಿ ಅದನ್ನು ಮಗ ಯತೀಂದ್ರ ಅವರಿಗೆ ಬಿಟ್ಟು ಚಾಮುಂಡೇಶ್ವರಿಗೆ ಬಂದದ್ದೇ ನಿಜವಾದ ಕ್ಷೇತ್ರ ಬದಲಾವಣೆ.

ನಕ್ಷೆ ಸಿಗದಿದ್ದರೂ ಈ ಬದಲಾವಣೆಯನ್ನು ಮತಗಳ ಸಂಖ್ಯೆಯಿಂದಲೇ ಹಿಡಿಯಬಹುದು. 2006ರ ಡಿಸೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಸಿದ್ದರಾಮಯ್ಯನವರಿಗೆ 1,15,512 ಮತ, ಜೆಡಿಎಸ್‌ನ ಎಂ. ಶಿವಬಸಪ್ಪನವರಿಗೆ 1,15,255. ಇಬ್ಬರದೂ ಸೇರಿದರೆ 2,30,767. ಏಳು ವರ್ಷ ಬಿಟ್ಟು 2013ಕ್ಕೆ ಬನ್ನಿ. ಜಿ.ಟಿ. ದೇವೇಗೌಡ 75,864, ಕಾಂಗ್ರೆಸ್‌ನ ಎಂ. ಸತ್ಯನಾರಾಯಣ 68,761, ಇಬ್ಬರದೂ ಸೇರಿ 1,44,625. ಬೆಳೆಯುತ್ತಿರುವ ನಗರವನ್ನು ಸುತ್ತುವರಿದ ಕ್ಷೇತ್ರದಲ್ಲಿ ಮೊದಲ ಇಬ್ಬರ ಮತ ಏಳು ವರ್ಷದಲ್ಲಿ 86 ಸಾವಿರ ಕುಸಿಯುತ್ತದೆಯೇ? ಮೂರನೆಯವರು ಎಷ್ಟೇ ಕಿತ್ತುಕೊಂಡರೂ ಇಷ್ಟು ದೊಡ್ಡ ಹಳ್ಳ ಬೀಳುವುದಿಲ್ಲ. ಹೀಗೆ ಹಠಾತ್ತನೆ ಹಳ್ಳ ಕಂಡಲ್ಲಿ ಮೊದಲು ಗಡಿಯನ್ನೇ ಶಂಕಿಸಬೇಕು. 2006ರಲ್ಲಿ ಸೋತ ಶಿವಬಸಪ್ಪನವರ ಮತ 2013ರಲ್ಲಿ ಗೆದ್ದವರದ್ದಕ್ಕಿಂತ ಸುಮಾರು 39 ಸಾವಿರ ಹೆಚ್ಚು. 2023ರಲ್ಲಿ ಗೆದ್ದವರದ್ದಕ್ಕಿಂತಲೂ ಹೆಚ್ಚು. ‘ಕ್ಷೇತ್ರದ ಇತಿಹಾಸದಲ್ಲೇ ಅತಿ ಹೆಚ್ಚು ಮತ’ ಎಂಬ ದಾಖಲೆಗಳ ಬೆಲೆ ಇಷ್ಟೇ.

ಹಾಗಾಗಿ ಗೆದ್ದವರ ಪಟ್ಟಿ ಬರೆಯುವಾಗ 2008ರ ಮೇಲೊಂದು ದಪ್ಪ ಗೆರೆ ಎಳೆಯಿರಿ. ಗೆರೆಯ ಈಚೆಯ ಮತಗಳನ್ನು ಆಚೆಯ ಮತಗಳೊಂದಿಗೆ ನೇರವಾಗಿ ಕಳೆಯಬೇಡಿ, ಕೂಡಲೂಬೇಡಿ.

ಗೆರೆಯ ಆಚೆಗಿನ ಕತೆ ಹೀಗಿದೆ. 1983ರಲ್ಲಿ ಭಾರತೀಯ ಲೋಕದಳದಿಂದ ಬಂದ ಸಿದ್ದರಾಮಯ್ಯ ಗೆದ್ದರು. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ ವರ್ಷವದು. ರಾಮಕೃಷ್ಣ ಹೆಗಡೆಯವರ ಸರ್ಕಾರವನ್ನು ಬೆಂಬಲಿಸಿ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರಲ್ಲಿ ಜನತಾ ಪಕ್ಷದಿಂದ ಮತ್ತೆ ಗೆಲುವು. 1989ರಲ್ಲಿ ಕಾಂಗ್ರೆಸ್‌ನ ಎಂ. ರಾಜಶೇಖರಮೂರ್ತಿ ಎದುರು ಸೋಲು. 1994ರಲ್ಲಿ ಜನತಾದಳದಿಂದ ಗೆಲುವು. 1999ರಲ್ಲಿ ಕಾಂಗ್ರೆಸ್‌ನ ಎ.ಎಸ್. ಗುರುಸ್ವಾಮಿ ಎದುರು ಸೋಲು. 2004ರಲ್ಲಿ ಜೆಡಿಎಸ್‌ನಿಂದ, 2006ರಲ್ಲಿ ಕಾಂಗ್ರೆಸ್‌ನಿಂದ ಗೆಲುವು. ಪಕ್ಷದ ಕಾಲಂ ಮಾತ್ರ ನೋಡುವವರಿಗೆ ಇದು ಚಂಚಲ ಕ್ಷೇತ್ರದಂತೆ ಕಾಣುತ್ತದೆ, ಅಭ್ಯರ್ಥಿಯ ಕಾಲಂ ನೋಡುವವರಿಗೆ ಒಬ್ಬರದೇ ಕೋಟೆಯಂತೆ. ಮೂರನೆಯ ಕಾಲಂ ಒಂದನ್ನು ಹಾಕಿಕೊಳ್ಳಿ: ಆ ವರ್ಷ ರಾಜ್ಯದ ಗಾಳಿ ಯಾವ ಕಡೆ ಇತ್ತು. 1989ರಲ್ಲಿ ಕಾಂಗ್ರೆಸ್‌ಗೆ 178 ಸ್ಥಾನ, 1994ರಲ್ಲಿ ಜನತಾದಳಕ್ಕೆ 115, 1999ರಲ್ಲಿ ಕಾಂಗ್ರೆಸ್‌ಗೆ 132. 1983ರಿಂದ 1999ರ ತನಕದ ಐದೂ ಚುನಾವಣೆಗಳಲ್ಲಿ ಚಾಮುಂಡೇಶ್ವರಿ ರಾಜ್ಯ ಹೋದ ಕಡೆಗೇ ಹೋಗಿದೆ. ರಾಜಶೇಖರಮೂರ್ತಿ, ಗುರುಸ್ವಾಮಿ ಇಬ್ಬರ ಗೆಲುವಿಗೂ ಸ್ಥಳೀಯ ಕಾರಣ ಹುಡುಕುವ ಮೊದಲು ಈ ಗಾಳಿಯ ಪಾಲನ್ನು ಕಳೆಯಬೇಕು.

ಗೆರೆಯ ಈಚೆಗೆ ಇದು ತಿರುಗಿಬಿದ್ದಿದೆ. 2008ರಲ್ಲಿ ಬಿಜೆಪಿ 110 ಸ್ಥಾನ ಪಡೆದಾಗ ಇಲ್ಲಿ ಗೆದ್ದದ್ದು ಕಾಂಗ್ರೆಸ್‌ನ ಎಂ. ಸತ್ಯನಾರಾಯಣ. 2013ರಲ್ಲಿ ಕಾಂಗ್ರೆಸ್ 122 ಗೆದ್ದು, ಪಕ್ಕದ ವರುಣಾದ ಶಾಸಕರೇ ಮುಖ್ಯಮಂತ್ರಿಯಾದಾಗ ಇಲ್ಲಿ ಜೆಡಿಎಸ್. 2023ರಲ್ಲಿ ಕಾಂಗ್ರೆಸ್ 135 ಮುಟ್ಟಿ, ಜೆಡಿಎಸ್ 19ಕ್ಕೆ ಕುಗ್ಗಿದಾಗಲೂ ಇಲ್ಲಿ ಜೆಡಿಎಸ್. 2018 ಮಾತ್ರ ಅರೆಬರೆ ಅಪವಾದ: 37 ಸ್ಥಾನದ ಜೆಡಿಎಸ್ ಸಮ್ಮಿಶ್ರ ಸರ್ಕಾರದ ತಲೆಯಾಗಿ ಕೂತಿತು, ಜಿ.ಟಿ. ದೇವೇಗೌಡ ಉನ್ನತ ಶಿಕ್ಷಣ ಸಚಿವರಾದರು. ಒಂದೇ ಹೆಸರಿನ ಕ್ಷೇತ್ರದ ಗುಣ ಹೀಗೆ ಬುಡಮೇಲಾಗಲು ಮತದಾರರ ಮನಸ್ಸು ಬದಲಾಗಬೇಕಿಲ್ಲ. ಮತದಾರರೇ ಬದಲಾಗಿದ್ದರೆ ಸಾಕು.

2006ರ 257 ಮತಗಳ ಅಂತರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಆ ಉಪಚುನಾವಣೆ ಏಕೆ ಬಂತು? 1985ರ 52ನೇ ತಿದ್ದುಪಡಿಯ ಪಕ್ಷಾಂತರ ನಿಷೇಧದಿಂದಾಗಿ ಜೆಡಿಎಸ್ ಚಿಹ್ನೆಯಲ್ಲಿ ಗೆದ್ದವರು ಸದಸ್ಯತ್ವ ಇಟ್ಟುಕೊಂಡೇ ಕಾಂಗ್ರೆಸ್ ಸೇರುವಂತಿರಲಿಲ್ಲ. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋಗಬೇಕಿತ್ತು. ಆಗ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಜೆಡಿಎಸ್–ಬಿಜೆಪಿ ಸರ್ಕಾರವಿತ್ತು. ಮಿತ್ರಪಕ್ಷಗಳು ಒಂದೇ ಅಭ್ಯರ್ಥಿಯ ಹಿಂದೆ ನಿಂತವು, ಕಣ ಇಬ್ಬರ ನಡುವೆ ಬಿಗಿಯಾಯಿತು. ಉಪಚುನಾವಣೆಯನ್ನು ಸಾರ್ವತ್ರಿಕ ಚುನಾವಣೆಯ ಸಾಲಿನಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಮೂರನೆಯ ಪಕ್ಷ ಇಲ್ಲದ, ಇಡೀ ಸಂಪುಟ ಊರಲ್ಲಿ ಬೀಡುಬಿಟ್ಟ ಚುನಾವಣೆಯ ಅಂತರಕ್ಕೆ ಬೇರೆಯದೇ ಅರ್ಥ.

ಅಂತರವನ್ನು ಬರಿ ಸಂಖ್ಯೆಯಲ್ಲಿ ಹೇಳಿದರೆ ಅದರ ತೂಕ ತಿಳಿಯದು. ಮೊದಲ ಇಬ್ಬರ ಒಟ್ಟು ಮತದಿಂದ ಭಾಗಿಸಿ ನೋಡಿ. 2006ರ 257 ಎಂದರೆ ಶೇ 0.11, ಸಾವಿರಕ್ಕೆ ಒಂದು ಚಿಲ್ಲರೆ. 2013ರ 7,103 ಎಂದರೆ ಶೇ 4.9, 2018ರ 36,042 ಶೇ 17.4; 2023ರ 25,500 ಶೇ 13.8. ಸಿದ್ದರಾಮಯ್ಯ 2018ರಲ್ಲಿ ಅದೇ ದಿನ ಬಾದಾಮಿಯಲ್ಲಿ ಬಿ. ಶ್ರೀರಾಮುಲು ಎದುರು 1,696 ಮತಗಳಿಂದ ಗೆದ್ದರಲ್ಲ, ಅದು ಶೇ 1.3ಕ್ಕೂ ಕಡಿಮೆ. ಇನ್ನು 2004ರ ಸಂತೇಮರಹಳ್ಳಿಯನ್ನು ಯಾವ ಭಾಗಾಕಾರಕ್ಕೂ ಸಿಕ್ಕಿಸಲಾಗದು: ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಆ ಕ್ಷೇತ್ರವೂ 2008ರ ನಕ್ಷೆಯಲ್ಲಿ ಅಳಿಸಿಹೋಯಿತು.

ಈಗ 2018ರ ಸೋಲಿಗೆ ಮರಳೋಣ. ಗೆರೆಯ ಈಚೆಗಿನ ಚುನಾವಣೆಗಳನ್ನಷ್ಟೇ ಹೋಲಿಸಿದರೆ ಬೇರೆಯದೇ ಚಿತ್ರ. ಕಾಂಗ್ರೆಸ್ ಮತ 2013ರ 68,761ರಿಂದ 85,283ಕ್ಕೆ ಏರಿದೆ, ಅಂದರೆ 16,522 ಹೆಚ್ಚಳ. ಜೆಡಿಎಸ್ ಮತ ಏರಿದ್ದು 45,461. ಬಿಜೆಪಿ ಅಭ್ಯರ್ಥಿಗೆ ಸಿಕ್ಕಿದ್ದು 12,064 ಮಾತ್ರ. ಚಲಾಯಿತ ಸಿಂಧು ಮತದ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತದೆ, ಇಲ್ಲಿ ಹೋಯಿತು. ಇದನ್ನು 2023ರ ಪಕ್ಕ ಇಡಿ: ಜೆಡಿಎಸ್ 1,04,873, ಕಾಂಗ್ರೆಸ್‌ನ ಸಿದ್ದೇಗೌಡ 79,373, ಬಿಜೆಪಿ ಸುಮಾರು 51 ಸಾವಿರ. ಐದೇ ವರ್ಷದಲ್ಲಿ ಬಿಜೆಪಿಯ ಮತ ನಾಲ್ಕು ಪಟ್ಟಿಗೂ ಮೀರಿ ಬೆಳೆಯಿತೆನ್ನುವುದಕ್ಕಿಂತ, 2018ರಲ್ಲಿ ಅದರ ಬಹುಪಾಲು ಮತ ‘ಸೋಲಿಸಬಲ್ಲ’ ಅಭ್ಯರ್ಥಿಯ ಕಡೆ ವಾಲಿತ್ತು ಎನ್ನುವುದು ಹೆಚ್ಚು ನಂಬಲರ್ಹ. ಕಾಂಗ್ರೆಸ್ ಮತ ಎರಡೂ ಬಾರಿ 80 ಸಾವಿರದ ಆಸುಪಾಸಿನಲ್ಲೇ ಇದೆ. ಮುಖ್ಯಮಂತ್ರಿಯೇ ನಿಂತರೂ ಇಷ್ಟೇ, ಹೊಸಬರು ನಿಂತರೂ ಸುಮಾರಾಗಿ ಇಷ್ಟೇ. ಅದಕ್ಕೇ ಈ ಸೋಲನ್ನು ‘ತಿರಸ್ಕಾರ’ ಎಂದು ಕರೆಯಲು ಮನಸ್ಸೊಪ್ಪುವುದಿಲ್ಲ. ವಿರೋಧಿ ಮತ ಒಂದೇ ಕಡೆ ರಾಶಿಬಿದ್ದ ಚುನಾವಣೆ ಅದು.

ಇದಕ್ಕಿಂತ ಒಳಗೆ ಇಳಿಯಬೇಕೆಂದರೆ ನಮೂನೆ 20 ಬೇಕು: ಚುನಾವಣಾಧಿಕಾರಿ ಸಹಿ ಹಾಕುವ, ಮತಗಟ್ಟೆವಾರು ಅಂತಿಮ ಫಲಿತಾಂಶದ ಹಾಳೆ. ಇತ್ತೀಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಬಳಸುವಾಗ ಜೋಕೆ. 2013ರ 45ನೇ ಮತಗಟ್ಟೆ 2018ರ 45 ಆಗಿರಬೇಕೆಂದಿಲ್ಲ. ಮತದಾರರು ಆಯೋಗ ನಿಗದಿಪಡಿಸಿದ ಮಿತಿಯ ಆಚೆಗೆ ಬೆಳೆದ ಕಡೆ ಮತಗಟ್ಟೆ ಒಡೆಯುತ್ತದೆ, ನಂತರದ ಸಂಖ್ಯೆಗಳೆಲ್ಲ ಸರಿಯುತ್ತವೆ. ಹೂಟಗಳ್ಳಿಯಂಥ ಬಡಾವಣೆ ಏಳುತ್ತಿರುವ ಕಡೆ ಇದು ಪ್ರತಿ ಚುನಾವಣೆಯ ಪಾಡು. ಸಂಖ್ಯೆ ಬಿಟ್ಟು ಶಾಲೆಯ ಹೆಸರು, ಊರಿನ ಹೆಸರು ಹಿಡಿದು ಜೋಡಿಸಿ, ನಂತರ ಊರುವಾರು ಕೂಡಿಸಿ. ಅಂಚೆ ಮತಗಳು ಕೊನೆಯಲ್ಲಿ ಬೇರೆ ಸಾಲಿನಲ್ಲಿರುತ್ತವೆ. ಅದನ್ನು ಮರೆತರೆ ನಿಮ್ಮ ಮೊತ್ತ ಘೋಷಿತ ಫಲಿತಾಂಶಕ್ಕೆ ತಾಳೆಯಾಗದು. 2013ರ ಮೇ ಚುನಾವಣೆಯ ಹಾಳೆಯಲ್ಲಿ ನೋಟಾ (ಯಾರಿಗೂ ಮತ ಇಲ್ಲ ಎನ್ನುವ ಆಯ್ಕೆ) ಕಾಲಂ ಹುಡುಕಬೇಡಿ. ಅದಕ್ಕೆ ದಾರಿ ಮಾಡಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಮತಪತ್ರದ ಕಾಲಕ್ಕೆ ಹೋದರೆ ಈ ಸೌಲಭ್ಯವೂ ಇಲ್ಲ. ಎಣಿಕೆಗೆ ಮುನ್ನ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸುವುದೂ ಆಗ ಇತ್ತು, ಯಾವ ಊರು ಯಾರಿಗೆ ಹಾಕಿತು ಎಂಬುದು ಗೊತ್ತಾಗಬಾರದೆಂದು. ಆದ್ದರಿಂದ 1985ರಲ್ಲೋ 1989ರಲ್ಲೋ ಇಂಥ ಹೋಬಳಿ ಇಂಥವರಿಗೆ ಹಾಕಿತು ಎಂದು ಯಾರಾದರೂ ಅಂಕಿಸಹಿತ ಹೇಳಿದರೆ, ಅಂಕಿ ಎಲ್ಲಿಂದ ಬಂತೆಂದು ಕೇಳಿ. 1985 ಮತ್ತು 1989ರ ಮತದಾರರ ಸಂಖ್ಯೆಯನ್ನೂ ಹಾಗೇ ಹೋಲಿಸುವಂತಿಲ್ಲ. ನಡುವೆ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಇನ್ನೂ ಹಿಂದಕ್ಕೆ, 1972ರವರೆಗಿನ ಚುನಾವಣಾ ಆಯೋಗದ ವರದಿಗಳನ್ನು ‘ಕರ್ನಾಟಕ’ ಎಂದು ಹುಡುಕಿದರೆ ಸಿಗುವುದಿಲ್ಲ, ರಾಜ್ಯದ ಹೆಸರು ಆಗ ಮೈಸೂರು. ಮೈಸೂರು ರಾಜ್ಯದ ಮೈಸೂರು ಜಿಲ್ಲೆಯ ಮೈಸೂರು ನಗರದ ಕ್ಷೇತ್ರಗಳನ್ನು ಬೇರ್ಪಡಿಸುವಷ್ಟರಲ್ಲಿ ತಲೆ ಕೆಡುತ್ತದೆ.

ಚುನಾವಣೆ ಹತ್ತಿರ ಬಂದಾಗೆಲ್ಲ ಪತ್ರಿಕೆಗಳಲ್ಲಿ ಬರುವ ಜಾತಿವಾರು ಮತದಾರರ ಕೋಷ್ಟಕದ ಬಗ್ಗೆಯೂ ಒಂದು ಮಾತು. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಒಕ್ಕಲಿಗರು ಇಷ್ಟು ಸಾವಿರ, ಕುರುಬರು ಇಷ್ಟು, ಲಿಂಗಾಯತರು ಇಷ್ಟು, ನಾಯಕರು ಇಷ್ಟು ಎಂದು ಸೊನ್ನೆಗಳಲ್ಲಿ ಮುಗಿಯುವ ಅಂಕಿಗಳೆಲ್ಲ ಪಕ್ಷಗಳ ಅಂದಾಜು, ಅದೂ ಟಿಕೆಟ್ ಕೇಳುವವರ ಅಂದಾಜು. ಎಲ್ಲ ಆಕಾಂಕ್ಷಿಗಳ ಕೋಷ್ಟಕಗಳನ್ನು ಕೂಡಿಸಿದರೆ ಮತದಾರರ ಪಟ್ಟಿಗಿಂತ ಜನ ಹೆಚ್ಚಾಗುತ್ತಾರೆ.

ಈಗಿನ ಗಡಿಯೂ ಶಾಶ್ವತವಲ್ಲ. 84ನೇ ತಿದ್ದುಪಡಿಯ ಪ್ರಕಾರ ಸ್ಥಾನಗಳ ಮರುಹಂಚಿಕೆಗೆ ಇರುವ ತಡೆ 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಬರುವವರೆಗೆ ಮಾತ್ರ. ಮೈಸೂರು ನಗರ ಹರಡುತ್ತಿರುವ ದಿಕ್ಕಿನಲ್ಲೇ ಚಾಮುಂಡೇಶ್ವರಿ ಇರುವುದರಿಂದ ಮುಂದಿನ ಗೆರೆ ಇದರ ನಡುವೆಯೇ ಹಾಯುವ ಸಂಭವ ಹೆಚ್ಚು. ಈ ಕ್ಷೇತ್ರದ ಲೆಕ್ಕ ಇಡುವವರು 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳ ನಮೂನೆ 20, ಆಯಾ ವರ್ಷದ ಮತಗಟ್ಟೆ ಪಟ್ಟಿ ಮತ್ತು ಪುನರ್ವಿಂಗಡಣಾ ಆದೇಶದ ಮೈಸೂರು ತಾಲೂಕಿನ ಪುಟಗಳನ್ನು ಈಗಲೇ ಇಳಿಸಿಟ್ಟುಕೊಂಡು, ಊರುವಾರು ಒಂದೇ ಹಾಳೆಗೆ ತಂದಿಡುವುದು ಒಳ್ಳೆಯದು. ಗಡಿ ಯಾವ ಕಡೆ ಸರಿದರೂ ಊರುಗಳು ಇದ್ದಲ್ಲೇ ಇರುತ್ತವೆ, ಮೊತ್ತವನ್ನು ಮತ್ತೆ ಕಟ್ಟಬಹುದು.